‘ಎಲ್ಲಾ ಬಸ್ಸೂ ಇಲ್ಲಿ ನಿಲ್ಲಲ್ಲ’: ವಾಕ್ಯದ ಅರ್ಥವನ್ನು ಕಂಪ್ಯೂಟರ್‌ಗೆ ಬಿಡಿಸಿ ಬರೆಯುವುದು ಹೇಗೆ?

ಬೆಂಗಳೂರಿನ ಬಸ್ ಸ್ಟಾಪುಗಳಲ್ಲಿ ದಿನಾ ಕೇಳುವ ಮಾತಿದು. ಕೆಲವು ನಿಲ್ಲುತ್ತವೆ, ಕೆಲವು ನಿಲ್ಲಲ್ಲ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಪ್ರೋಗ್ರಾಂ ಇದನ್ನೇ ‘ಒಂದು ಬಸ್ಸೂ ನಿಲ್ಲಲ್ಲ’ ಅಂತ ಓದಿಕೊಂಡರೆ ಪ್ರಯಾಣಿಕರಿಗೆ ತಪ್ಪು ಉತ್ತರ ಹೋಗುತ್ತದೆ. ಯಾವ ಅರ್ಥ ಅಂತ ಗೊಂದಲಕ್ಕೆ ಜಾಗವೇ ಇಲ್ಲದ ಹಾಗೆ ಬರೆದಿಡಲು ತರ್ಕದ ಭಾಷೆ ಇದೆ. ಕಲಿಯಲು ಒಂದು ಹಾಳೆ, ಒಂದು ಪೆನ್ನು ಸಾಕು.

ಮೊದಲು ಸಣ್ಣ ವಾಕ್ಯ ತಗೊಳ್ಳಿ: ‘ಲತಾ ಬಸ್ ಹತ್ತಿದಳು’. ಕ್ರಿಯೆಯನ್ನು ಹೊರಗಿಡಿ, ಯಾರು, ಯಾವುದು ಅನ್ನುವುದನ್ನು ಕಂಸದೊಳಗೆ ಹಾಕಿ: ಹತ್ತು(ಲತಾ, ಬಸ್). ಹೊರಗಿರುವುದಕ್ಕೆ ಪ್ರೆಡಿಕೇಟ್ ಅಂತಾರೆ. ಅಷ್ಟೇ.

ಕಷ್ಟ ಶುರುವಾಗುವುದು ‘ಎಲ್ಲಾ’, ‘ಕೆಲವು’ ಬಂದಾಗ. ಇದಕ್ಕೆ 1879ರಲ್ಲಿ ಜರ್ಮನಿಯ ತರ್ಕಶಾಸ್ತ್ರಜ್ಞ ಗಾಟ್ಲೋಬ್ ಫ್ರೇಗೆ ದಾರಿ ತೋರಿಸಿದರು. ಹೆಸರಿನ ಜಾಗದಲ್ಲಿ ಒಂದು ಅಕ್ಷರ ಇಡಿ. ಮಾತು ಎಲ್ಲದರ ಬಗ್ಗೆಯೋ, ಒಂದಾದರೂ ಇದೆ ಅನ್ನುವುದರ ಬಗ್ಗೆಯೋ ಅಂತ ಮೊದಲೇ ಹೇಳಿಬಿಡಿ. ‘ಎಲ್ಲಾ ವಜ್ರ ಬಸ್ಸುಗಳೂ ಎಸಿ’ (ವಜ್ರ ಅಂದರೆ ಬೆಂಗಳೂರಿನ ಒಂದು ಬಸ್ ಸೇವೆ) ಅನ್ನುವುದು ಹೀಗಾಗುತ್ತದೆ:

ಪ್ರತಿ ಕ: ವಜ್ರ(ಕ) → ಎಸಿ(ಕ)

ಬಾಣವನ್ನು ‘ಆಗಿದ್ದರೆ’ ಅಂತ ಓದಿ. ಇಲ್ಲಿ ಬಾಣದ ಬದಲು ‘ಮತ್ತು’ ಹಾಕಲೇಬೇಡಿ. ಹಾಕಿದರೆ ಇರುವ ಪ್ರತಿಯೊಂದು ವಸ್ತುವೂ ವಜ್ರ, ಪ್ರತಿಯೊಂದೂ ಎಸಿ ಅಂತಾಗುತ್ತದೆ, ಆಟೋ, ಮೆಟ್ರೋ, ಸ್ಟಾಪಿನ ಬೆಂಚು ಕೂಡ! ‘ಕೆಲವು ಬಸ್ ನಿಲ್ಲುತ್ತವೆ’ ಅನ್ನುವಲ್ಲಿ ಮಾತ್ರ ಉಲ್ಟಾ:

ಒಂದಾದರೂ ಕ: ಬಸ್(ಕ) ಮತ್ತು ನಿಲ್ಲು(ಕ)

ಇಲ್ಲಿ ಬಾಣ ಹಾಕಿದರೆ ಬಸ್ಸೇ ಅಲ್ಲದ ಒಂದು ಬೆಂಚು ಇದ್ದರೂ ವಾಕ್ಯ ನಿಜವಾಗಿಬಿಡುತ್ತದೆ, ಯಾಕೆಂದರೆ ಬಾಣದ ಎಡಗಡೆಯದು ಸುಳ್ಳಾದಾಗ ತರ್ಕ ಇಡೀ ವಾಕ್ಯವನ್ನು ನಿಜ ಅಂತಲೇ ಎಣಿಸುತ್ತದೆ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ನಿಧಾನವಾಗಿ ಎರಡು ಸಲ ಓದಿ.

ಈಗ ನಮ್ಮ ಬಸ್ ಸ್ಟಾಪಿನ ಮಾತು. ಅದಕ್ಕೆ ಎರಡು ರೂಪ:

ಅಲ್ಲ [ಪ್ರತಿ ಕ: ಬಸ್(ಕ) → ನಿಲ್ಲು(ಕ)]
ಪ್ರತಿ ಕ: ಬಸ್(ಕ) → ಅಲ್ಲ ನಿಲ್ಲು(ಕ)

ಮೊದಲನೆಯದು ‘ಎಲ್ಲವೂ ನಿಲ್ಲುವುದಿಲ್ಲ, ಕೆಲವು ಬಿಟ್ಟು ಹೋಗುತ್ತವೆ’. ಎರಡನೆಯದು ‘ಒಂದೂ ನಿಲ್ಲುವುದಿಲ್ಲ’. ಪದಗಳು ಅವೇ, ‘ಅಲ್ಲ’ ಕೂತ ಜಾಗ ಮಾತ್ರ ಬೇರೆ. ಒಳ್ಳೆಯ ಪ್ರೋಗ್ರಾಂ ಎರಡನ್ನೂ ಬರೆದುಕೊಂಡು, ಸಂದರ್ಭ ನೋಡಿ ಒಂದನ್ನು ಆರಿಸಬೇಕು. ಸುಮ್ನೆ ಮೊದಲು ಸಿಕ್ಕಿದ್ದನ್ನು ಹಿಡಿದುಕೊಳ್ಳಬಾರದು.

ಮುಂದೆ, ‘ನಿನ್ನೆ ಲತಾ ಮೆಜೆಸ್ಟಿಕ್‌ನಲ್ಲಿ ವಜ್ರ ಹತ್ತಿದಳು’. ಯಾವಾಗ, ಎಲ್ಲಿ ಅನ್ನುವುದನ್ನೆಲ್ಲ ಒಂದೇ ಕಂಸಕ್ಕೆ ತುರುಕಿದರೆ ಪ್ರತಿ ಹೊಸ ವಿವರಕ್ಕೂ ಹೊಸ ಪ್ರೆಡಿಕೇಟ್ ಬೇಕಾಗುತ್ತದೆ. 1967ರಲ್ಲಿ ಅಮೆರಿಕದ ತತ್ವಜ್ಞಾನಿ ಡೊನಾಲ್ಡ್ ಡೇವಿಡ್‌ಸನ್ ಹೇಳಿದ ಉಪಾಯ ನನಗೆ ತುಂಬಾ ಇಷ್ಟ: ಘಟನೆಗೇ ಒಂದು ಅಕ್ಷರ ಕೊಡಿ. ಆ ಉಪಾಯವನ್ನು ಆಮೇಲಿನವರು ಬೆಳೆಸಿದ ರೀತಿಯಲ್ಲಿ ಬರೆದರೆ ಹೀಗೆ:

ಒಂದಾದರೂ ಘ, ಒಂದಾದರೂ ಗ: ಹತ್ತು(ಘ) ಮತ್ತು ಹತ್ತಿದವರು(ಘ, ಲತಾ) ಮತ್ತು ಹತ್ತಿದ್ದು(ಘ, ಗ) ಮತ್ತು ವಜ್ರ(ಗ) ಮತ್ತು ಸ್ಥಳ(ಘ, ಮೆಜೆಸ್ಟಿಕ್) ಮತ್ತು ದಿನ(ಘ, ನಿನ್ನೆ)

ಒಂದು ತುಂಡು ತೆಗೆದರೂ ಉಳಿದದ್ದು ನಿಜವಾಗಿಯೇ ಇರುತ್ತದೆ. ಕನ್ನಡದಲ್ಲಿ ವಿಭಕ್ತಿಗಳೂ ಕೈಹಿಡಿಯುತ್ತವೆ: ‘ಅಲ್ಲಿ’ ಸ್ಥಳ, ‘ಇಂದ’ ಹೊರಟ ಜಾಗ. ‘ಗೆ’ ಮಾತ್ರ ಹುಷಾರು. ‘ಬನಶಂಕರಿಗೆ ಹೋದಳು’ ಅಂದರೆ ತಲುಪುವ ಜಾಗ, ‘ಏಳು ಗಂಟೆಗೆ’ ಅಂದರೆ ಸಮಯ, ‘ಲತಾಗೆ ತಲೆನೋವು’ ಅಂದರೆ ಅನುಭವಿಸುವವಳು.

ಕೊನೆಗೆ ಪರೀಕ್ಷೆ. ಇದನ್ನು ಬಿಟ್ಟರೆ ಅಷ್ಟೂ ಬರೆದದ್ದು ದಂಡ. ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನ ಎನ್‌ಎಲ್‌ಟಿಕೆ ಲೈಬ್ರರಿಯಲ್ಲಿ, ಒಂದು ಸೂತ್ರದಿಂದ ಇನ್ನೊಂದು ಬರುತ್ತದಾ ಅಂತ ನೋಡುವ ಪ್ರೂವರ್‌ಗಳಿವೆ. ನಿಮ್ಮ ಸೂತ್ರ ಕೊಟ್ಟು ‘ಲತಾ ಬಸ್ ಹತ್ತಿದಳು’ ಅನ್ನುವುದು (ಇದನ್ನೂ ಘಟನೆಯ ಅಕ್ಷರ ಇಟ್ಟೇ ಬರೆಯಿರಿ) ಅದರಿಂದ ಬರುತ್ತದಾ ಅಂತ ಕೇಳಿ. ಮೇಲಿನ ಸೂತ್ರವೊಂದನ್ನೇ ಕೊಟ್ಟರೆ ಬರುವುದಿಲ್ಲ! ವಜ್ರ ಅಂದರೆ ಬಸ್ಸು ಅಂತ ನಮಗೆ ಗೊತ್ತು, ಪ್ರೂವರ್‌ಗೆ ಯಾರೂ ಹೇಳಿಲ್ಲ ಅಲ್ವಾ? ಹಾಗಾಗಿ ಈ ಸಾಲನ್ನೂ ಸೇರಿಸಿ, ಮತ್ತೆ ಓಡಿಸಿ:

ಪ್ರತಿ ಕ: ವಜ್ರ(ಕ) → ಬಸ್(ಕ)