ಐದು ದನಿಯ ಚಿಪ್‌ನಿಂದ ಸಿಂಫನಿ ಆರ್ಕೆಸ್ಟ್ರಾಗೆ

ನಾನು ಕ್ಲಾರಿನೆಟ್ ನುಡಿಸುವುದು ಒಂದು ಹವ್ಯಾಸಿ ಆರ್ಕೆಸ್ಟ್ರಾದಲ್ಲಿ. ಗಣೇಶನ ಪೆಂಡಾಲಿನದ್ದಲ್ಲ, ಪಿಟೀಲು, ಚೆಲೊ, ಹಾರ್ನ್ ಇರುವ ಸಿಂಫನಿ ಆರ್ಕೆಸ್ಟ್ರಾ. ಅದಕ್ಕಾಗಿ 'ಮೆಟ್ರಾಯ್ಡ್' ಗೇಮಿನ ಸಂಗೀತವನ್ನು ಹೊಂದಿಸಿ ಬರೆದೆ. 1986ರಲ್ಲಿ ನಿಂಟೆಂಡೊ ತಂದ ಗೇಮ್ ಅದು. ಬೇರೊಂದು ಗ್ರಹದ ಸುರಂಗಗಳಲ್ಲಿ ಒಂಟಿಯಾಗಿ ಅಲೆಯುವ ಕಥೆ. ಸಂಗೀತ ಹಿರೊಕಾಜು ತನಾಕಾ ಅವರದು.

ಇಂಥ ಸಂಗೀತ ಕೈಗೆ ಸಿಕ್ಕರೆ ಮೊದಲ ಸಾಲಿನಿಂದಲೇ ಟ್ರಂಪೆಟ್, ಟಿಂಪನಿ, ಸಿಂಬಲ್ ಎಲ್ಲ ಮೊಳಗಿಸುವ ಆಸೆ ಬರುತ್ತದೆ. ನನಗೆ ಅದು ಹಿಡಿಸುವುದಿಲ್ಲ. ಗುನುಗುವಂಥ ಟ್ಯೂನ್ ಗೆದ್ದವರಿಗೆ ಮಾತ್ರ, ಅದೂ ಕೊನೆಯಲ್ಲಿ ಸಿಗಬೇಕು ಅನ್ನುವುದು ತಮ್ಮ ಯೋಚನೆಯಾಗಿತ್ತು ಎಂದು ತನಾಕಾ ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ಗೇಮಿನ ಮೊದಲ ಹಂತವಾದ ಬ್ರಿನ್‌ಸ್ಟಾರ್‌ನಲ್ಲೇ ಒಳ್ಳೆ ಟ್ಯೂನ್ ಇದೆ ಅಲ್ವಾ ಅಂತ ನೀವು ಕೇಳಬಹುದು. ಇದೆ, ಒಪ್ಪುತ್ತೇನೆ. ಆದರೂ ಉಳಿದ ಕಡೆ ಖಾಲಿತನವೇ ಜಾಸ್ತಿ. ಆ ಖಾಲಿತನವನ್ನು ತುಂಬಿಸಬಾರದು ಅಂತ ಮೊದಲೇ ತೀರ್ಮಾನಿಸಿದೆ.

ಈ ಗೇಮ್ ಓಡುತ್ತಿದ್ದ ನಿಂಟೆಂಡೊ ಯಂತ್ರದಲ್ಲಿ ಸದ್ದು ಹೊರಡಿಸುವ ಚಿಪ್‌ನಲ್ಲಿ ಎರಡು ಪಲ್ಸ್, ಒಂದು ಟ್ರಯಾಂಗಲ್ (ಇವು ಧ್ವನಿಯ ಅಲೆಯ ಆಕಾರದ ಹೆಸರುಗಳು), ಒಂದು ನಾಯ್ಸ್ (ಬರೀ ಗದ್ದಲ), ಒಂದು ಸ್ಯಾಂಪಲ್ (ಮೊದಲೇ ಮುದ್ರಿಸಿಟ್ಟ ತುಣುಕು), ಹೀಗೆ ಐದೇ ದನಿ. ಜಪಾನಿನ ಡಿಸ್ಕ್ ಆವೃತ್ತಿಗೆ ಇನ್ನೊಂದು ದನಿ ಹೆಚ್ಚಿಗೆ ಇತ್ತು. ನಾನು ಹಿಡಿದದ್ದು ಕಾರ್ಟ್ರಿಜ್ ಆವೃತ್ತಿಯನ್ನು.

ಸರಿಸಮ ಪಲ್ಸ್, ಅಂದರೆ ಅರ್ಧ ಹೊತ್ತು ಮೇಲೆ, ಅರ್ಧ ಹೊತ್ತು ಕೆಳಗೆ ಇರುವ ಸ್ಕ್ವೇರ್ ವೇವ್‌ನಲ್ಲಿ ಬೆಸ ಸಂಖ್ಯೆಯ ಹಾರ್ಮೋನಿಕ್‌ಗಳು (ಮೂಲ ಕಂಪನದ 1, 3, 5 ಪಟ್ಟು ವೇಗದ ಕಂಪನಗಳು) ಮಾತ್ರ ಇರುತ್ತವೆ. ಕ್ಲಾರಿನೆಟ್‌ನ ಕೆಳಗಿನ ಸ್ವರಗಳಲ್ಲೂ ಅವೇ ಜೋರು. ಹಾಗಾಗಿ ಆ ಸಾಲು ನೇರವಾಗಿ ನಮ್ಮ ಪಾಲಿಗೆ ಬಂತು. ಇದರಲ್ಲಿ ಸ್ವಾರ್ಥ ಇಲ್ಲ ಅಂತ ಹೇಳಲಾರೆ! ಮೇಲಿರುವ ಹೊತ್ತು ಕಡಿಮೆಯಾದ, ತೆಳುವಾದ ಪಲ್ಸ್ ಬಂದಲ್ಲಿ ಓಬೊ, ಕೆಲವೆಡೆ ಮ್ಯೂಟ್ ಹಾಕಿದ ಟ್ರಂಪೆಟ್. ಟ್ರಯಾಂಗಲ್ ದನಿಗೆ ವಾಲ್ಯೂಮ್ ಹೊಂದಿಸುವ ಸೌಲಭ್ಯವೇ ಇಲ್ಲ. ಶುರು ಮಾಡಬಹುದು, ನಿಲ್ಲಿಸಬಹುದು, ಅಷ್ಟೇ. ಅದನ್ನು ಬಸೂನ್ ಮತ್ತು ಡಬಲ್ ಬೇಸ್‌ಗೆ ಕೊಟ್ಟು, ಏರಿಳಿತ ಬೇಡ, ವೈಬ್ರಾಟೊ (ಸ್ವರವನ್ನು ನಡುಗಿಸುವುದು) ಬೇಡ ಅಂತ ಬರೆದೆ. ಭಾವ ತುಂಬಿ ನುಡಿಸಿ ಅಭ್ಯಾಸವಾದವರಿಗೆ ಇದು ನಿಜಕ್ಕೂ ಕಷ್ಟ.

ತಲೆಬಿಸಿ ತಂದದ್ದು ಉಸಿರು. ಚಿಪ್‌ಗೆ ಉಸಿರು ಬೇಕಿಲ್ಲ, ನಮಗೆ ಬೇಕು. ಉದ್ದದ ಸಾಲುಗಳನ್ನು ಇಬ್ಬರು ಕ್ಲಾರಿನೆಟ್‌ನವರಿಗೆ ಹಂಚಿದೆ. ಒಬ್ಬರ ಕೊನೆಯ ಸ್ವರವೇ ಇನ್ನೊಬ್ಬರ ಮೊದಲ ಸ್ವರ. ಕೂಡಿಕೆ ಕೇಳಿಸದಿದ್ದರೆ ಕೆಲಸ ಆದಂತೆ. ಪ್ರತಿಧ್ವನಿ ಸುಲಭವಾಯಿತು. ಗೇಮ್ ಸಂಗೀತದಲ್ಲಿ ಒಂದೇ ಸಾಲನ್ನು ಸ್ವಲ್ಪ ತಡವಾಗಿ, ಮೆಲ್ಲಗೆ ಇನ್ನೊಂದು ದನಿಯಲ್ಲಿ ಹಾಕುವ ಉಪಾಯ ಉಂಟು. ನಾನು ಅದನ್ನು ಹಿಂದೆ ಕೂರುವ ಪಿಟೀಲಿನವರಿಗೆ ಕೊಟ್ಟೆ.

ಬರೆಯಲು ಮ್ಯೂಸ್‌ಸ್ಕೋರ್ ಅನ್ನುವ ಸ್ವರಲಿಪಿ ಸಾಫ್ಟ್‌ವೇರ್ ಸಾಕು, ಉಚಿತವಾಗಿ ಸಿಗುತ್ತದೆ. ಆದರೆ ಅದರ ಪ್ಲೇಬ್ಯಾಕ್ ನಂಬಬೇಡಿ, ಅಲ್ಲಿ ಯಾರಿಗೂ ಸುಸ್ತಾಗುವುದಿಲ್ಲ. ಇನ್ನೊಂದು ಮಾತು: ಸಂಗೀತದ ಹಕ್ಕು ಗೇಮ್ ಕಂಪನಿಯದಾಗಿದ್ದರೆ, ಹೀಗೆ ಹೊಂದಿಸಿ ವೇದಿಕೆಯಲ್ಲಿ ನುಡಿಸುವ ಮೊದಲು ಅನುಮತಿ ಬೇಕು.

ಗೇಮ್ ಸಂಗೀತ ಸುತ್ತುತ್ತಲೇ ಇರುತ್ತದೆ, ಮುಗಿಯುವುದಿಲ್ಲ. ವೇದಿಕೆಯಲ್ಲಿ ಹಾಗೆ ಆಗದು. ಒಂದೊಂದು ಹಂತದ ಸಂಗೀತವನ್ನೂ ಎರಡು ಸುತ್ತಿಗೆ ನಿಲ್ಲಿಸಿ, ತಪ್ಪಿಸಿಕೊಂಡು ಓಡುವ ಭಾಗದಿಂದ ನೇರವಾಗಿ ಕೊನೆಯ ಟ್ಯೂನ್‌ಗೆ ದಾಟಿಸಿದೆ. ಅಲ್ಲಿಯವರೆಗೆ ವಾದ್ಯ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಟ್ರೊಂಬೋನಿನವರು ಪಾಪ, ಆಗ ಮಾತ್ರ ಎತ್ತಿ ಊದಿದರು.