ಅಡಲಿಮುಮ್ಯಾಬ್ ಚುಚ್ಚುಮದ್ದು: ಮನೆಯಲ್ಲಿ ನಾನು ಅನುಸರಿಸುವ ಕ್ರಮ

ಬೆನ್ನುಮೂಳೆಯ ಕೀಲುಗಳನ್ನು ಬಿಗಿಗೊಳಿಸುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ ನೋವಿನ ಮಾತ್ರೆಗಳಿಗೆ ಬಗ್ಗದಿದ್ದಾಗ, ಸಂಧಿವಾತ ತಜ್ಞರು ನನಗೆ ಎರಡು ವಾರಕ್ಕೊಮ್ಮೆ ಚರ್ಮದಡಿ ತೆಗೆದುಕೊಳ್ಳುವ 40 ಮಿಲಿಗ್ರಾಂ ಅಡಲಿಮುಮ್ಯಾಬ್ ಬರೆದುಕೊಟ್ಟರು. ಉರಿಯೂತವನ್ನು ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ಈ ಔಷಧ ತಡೆಯುತ್ತದೆ. ಆದರೆ ಕ್ಷಯದ ರೋಗಾಣುಗಳನ್ನು ಹದ್ದುಬಸ್ತಿನಲ್ಲಿಡಲು ದೇಹಕ್ಕೆ ಬೇಕಾದದ್ದೂ ಅದೇ ಪ್ರೋಟೀನು. ನಮ್ಮ ದೇಶದಲ್ಲಿ ಎಷ್ಟೋ ಜನರ ಮೈಯಲ್ಲಿ ಕ್ಷಯ ಸುಪ್ತವಾಗಿರುವುದರಿಂದ, ಎದೆಯ ಎಕ್ಸ್‌ರೇ, ಕ್ಷಯದ ರಕ್ತಪರೀಕ್ಷೆ, ಹೆಪಟೈಟಿಸ್ ಪರೀಕ್ಷೆಗಳೆಲ್ಲ ಮುಗಿಯುವ ತನಕ ವೈದ್ಯರು ಮೊದಲ ಡೋಸ್ ಕೊಡಲಿಲ್ಲ. ಈಗ ಯಾರಾದರೂ ವಿಚಾರಿಸಿದರೆ ಸೂಜಿಗಿಂತ ಮೊದಲು ಈ ಪರೀಕ್ಷೆಗಳ ಮಾತನ್ನೇ ಎತ್ತುತ್ತೇನೆ.

2014ರ ಡಿಸೆಂಬರಿನಲ್ಲಿ ಝೈಡಸ್ ಕಂಪನಿ ಅಡಲಿಮುಮ್ಯಾಬ್‌ನ ಬಯೋಸಿಮಿಲರನ್ನು, ಅಂದರೆ ಮೂಲ ಔಷಧವನ್ನು ತೀರಾ ಹೋಲುವ ತಯಾರಿಕೆಯನ್ನು, ಭಾರತದ ಮಾರುಕಟ್ಟೆಗೆ ತಂದಿತು. ಮೂಲ ಔಷಧಕ್ಕಿಂತ ಅಗ್ಗವೆಂಬುದು ನಿಜವಾದರೂ ಸಂಬಳದಾರರಿಗೆ ಇಂದಿಗೂ ಹೊರೆಯೇ. ಆದ್ದರಿಂದ ಒಂದು ಸಿರಿಂಜು ಕೆಟ್ಟರೂ ಹೊಟ್ಟೆ ಉರಿಯುತ್ತದೆ. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಆದರೆ ಹೆಪ್ಪುಗಟ್ಟಬಾರದು. ಹಾಗಾಗಿ ಫ್ರಿಜ್ಜಿನ ಬಾಗಿಲಿನಲ್ಲೂ ಇಡದೆ, ಫ್ರೀಜರಿಗೆ ತಾಗಿಯೂ ಇಡದೆ, ನಡುವಿನ ಅರೆಯಲ್ಲಿ ಪೆಟ್ಟಿಗೆ ಸಮೇತ ಇಡುತ್ತೇನೆ. ಊರಿಗೆ ಹೊರಟಾಗ ಥರ್ಮೊಕೋಲ್ ಡಬ್ಬಿಯಲ್ಲಿ ಐಸ್‌ಪ್ಯಾಕ್ ಹಾಕಿ, ಸಿರಿಂಜಿನ ಪೆಟ್ಟಿಗೆ ನೇರವಾಗಿ ತಗುಲದಂತೆ ನಡುವೆ ಟವೆಲ್ ಮಡಚಿಡುತ್ತೇನೆ.

ಚುಚ್ಚಿಕೊಳ್ಳುವ ದಿನ ಅರ್ಧ ಗಂಟೆ ಮೊದಲೇ ಸಿರಿಂಜನ್ನು ಹೊರಗಿಡುತ್ತೇನೆ. ತಣ್ಣಗಿನ ಔಷಧ ಹೆಚ್ಚು ನೋಯಿಸುತ್ತದೆ. ಬಿಸಿನೀರಿನಲ್ಲಿ ಮುಳುಗಿಸುವುದಾಗಲಿ ಕುಲುಕುವುದಾಗಲಿ ಕೂಡದು. ದ್ರವ ಕದಡಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ಕೈ ತೊಳೆದು, ಹೊಕ್ಕುಳಿನಿಂದ ಎರಡಂಗುಲ ದೂರದಲ್ಲೋ ತೊಡೆಯ ಮೇಲೋ ಸ್ಪಿರಿಟ್ ಹಚ್ಚಿ, ಅದು ಪೂರ್ತಿ ಆರುವ ತನಕ ಕಾಯುತ್ತೇನೆ, ಏಕೆಂದರೆ ಹಸಿ ಸ್ಪಿರಿಟ್ಟಿನ ಮೇಲೆ ಚುಚ್ಚಿದರೆ ಉರಿ ಹೆಚ್ಚು. ಸಿಟ್ರೇಟ್ ಎಂಬ ಲವಣ ಬೆರೆಸಿದ ತಯಾರಿಕೆಗಳಂತೂ ಹೇಗಿದ್ದರೂ ಉರಿಯುತ್ತವೆ. ಅದಿಲ್ಲದ್ದು ಸಿಗುವುದೇ ಎಂದು ವೈದ್ಯರನ್ನು ಕೇಳಬಹುದು. ಚರ್ಮವನ್ನು ಚಿಮುಟಿ ಹಿಡಿದು, 45 ಡಿಗ್ರಿ ಓರೆಯಲ್ಲಿ ಸೂಜಿ ಇಳಿಸಿ, ನಿಧಾನವಾಗಿ ಒತ್ತಿ, ತೆಗೆದ ಮೇಲೆ ಹತ್ತಿಯನ್ನು ಉಜ್ಜದೆ ಸುಮ್ಮನೆ ಅದುಮಿಟ್ಟುಕೊಳ್ಳುತ್ತೇನೆ. ಎಡವೋ ಬಲವೋ ಎಂಬುದನ್ನು ಕ್ಯಾಲೆಂಡರಿನಲ್ಲೇ ಗುರುತು ಹಾಕುವುದರಿಂದ ಮುಂದಿನ ಸಲ ಜಾಗ ಬದಲಿಸುವುದು ಸುಲಭ.

ಜ್ವರವಿದ್ದರೆ, ಗಾಯ ಕೀವಾಗಿದ್ದರೆ, ಕೆಮ್ಮು ಬಿಡದಿದ್ದರೆ ಸಿರಿಂಜು ಫ್ರಿಜ್ಜಿನಲ್ಲೇ ಉಳಿಯುತ್ತದೆ. ವೈದ್ಯರಿಗೆ ಫೋನ್ ಮಾಡಿ, ಅವರು ಸರಿ ಎಂದ ಮೇಲಷ್ಟೇ ಆ ಡೋಸ್ ತೆಗೆದುಕೊಳ್ಳುತ್ತೇನೆ.