ಎರೆ ಮಣ್ಣಿನ ಡಬ್ಬಿಯಲ್ಲಿ ಗಜ್ಜರಿ ಹಾಕಿ ಕೆಟ್ಟೆ

ಮೊದಲು ಗಜ್ಜರಿ, ಅಂದರೆ ಕ್ಯಾರೆಟ್ ಕಥೆ ಹೇಳಿಬಿಡುತ್ತೇನೆ. ಹೋದ ವರ್ಷ ಮಹಾನವಮಿ ಮುಗಿದ ಮೇಲೆ ಬೀಜ ಹಾಕಿದ್ದೆ. ಮೂರು ತಿಂಗಳು ಕಾದು ಕಿತ್ತರೆ ಒಂದೊಂದೂ ಹೆಬ್ಬೆರಳಿನಷ್ಟು, ಅದರಲ್ಲೂ ಕೆಲವಕ್ಕೆ ಎರಡು ಕಾಲು, ಒಂದಕ್ಕಂತೂ ಮೂರು. ಅವ್ವ ಅದನ್ನು ಹಿಡಿದು ತಿರುಗಿಸಿ ನೋಡಿ, "ತಮ್ಮಾ, ಇದು ಗಜ್ಜರಿ ಅಲ್ಲೋ, ಶುಂಠಿ ಆಗೇತಿ" ಅಂದಳು.

ತಪ್ಪು ನನ್ನದೇ. ನಾವು ವಿಜಯಪುರದವರು, ಊರ ಹೊಲದ ಕರಿ ಎರೆ ಮಣ್ಣು ಅಂದರೆ ಸ್ವಲ್ಪ ಜಾಸ್ತಿನೇ ಅಭಿಮಾನ. ಹಿಂಗಾರಿಗೆ ಬಿಳಿಜೋಳ ಬಿತ್ತಿದರೆ ಆಮೇಲೆ ಮಳೆ ಬರಲಿ ಬಿಡಲಿ, ಮಣ್ಣಲ್ಲಿರುವ ಹಸಿಯ ಮೇಲೇ ತೆನೆ ಹಿಡಿಯುತ್ತದೆ. ಅದೇ ಮಣ್ಣನ್ನು ಎರಡು ಚೀಲ ತಂದು ಮಾಳಿಗೆ ಮೇಲಿನ ಪೇಂಟ್ ಡಬ್ಬಿಗಳಿಗೆ ಒತ್ತಿ ಒತ್ತಿ ತುಂಬಿದೆ. ಹೊಲದಲ್ಲಾದರೆ ನೀರು ಆಳಕ್ಕೆ ಇಳಿದು ಕೂತಿರುತ್ತದೆ, 20 ಲೀಟರ್ ಡಬ್ಬಿಯಲ್ಲಿ ಇಳಿಯೋಕೆ ಜಾಗ ಎಲ್ಲಿದೆ? ಮೇಲೆ ಕೆಸರು, ತಳದಲ್ಲಿ ಕೊಳೆತ ವಾಸನೆ. ಎರಡು ದಿನ ನೀರು ತಪ್ಪಿತೋ, ಮಣ್ಣು ಇಟ್ಟಂಗಿಯ ಹಾಗೆ ಗಟ್ಟಿಯಾಗಿ ಡಬ್ಬಿಯ ಅಂಚು ಬಿಟ್ಟು ನಿಲ್ಲುತ್ತದೆ, ಆಮೇಲೆ ಎಷ್ಟು ನೀರು ಹಾಕಿದರೂ ಆ ಸಂದಿಯಲ್ಲಿ ಸರ್ ಅಂತ ಇಳಿದು ತಳದ ತೂತಿನಿಂದ ಹೊರಗೆ. ಬೇರಿಗೆ ಹನಿಯೂ ಇಲ್ಲ.

ಈ ವರ್ಷ ಮಸಾರಿ (ಕೆಂಪು) ಮಣ್ಣು ಎರಡು ಬುಟ್ಟಿ, ತಿಪ್ಪೆ ಗೊಬ್ಬರ ಒಂದು ಬುಟ್ಟಿ, ಉಸುಕು ಅರ್ಧ ಬುಟ್ಟಿ ಕಲಸಿದೆ. ಎರೆ ಮಣ್ಣೂ ಎರಡು ಬೊಗಸೆ ಹಾಕಿದೆ, ಪೂರ್ತಿ ಬಿಡೋಕೆ ಮನಸ್ಸಾಗಲಿಲ್ಲ. ಗೊಬ್ಬರ ಹಳೇದೇ ಇರಬೇಕು. ಹೆಂಡಿ ವಾಸನೆ ಹೋಗಿ, ಕೈಯಲ್ಲಿ ಹಿಡಿದರೆ ಚಹಾ ಪುಡಿಯಂತೆ ಉದುರಬೇಕು. ಹಸಿ ಹೆಂಡಿ ಹಾಕಿ ಗೊಣ್ಣೆಹುಳ ಸಾಕಿದ್ದೂ ಆಗಿದೆ ನನ್ನ ಕಡೆಯಿಂದ.

ಕೊತ್ತಂಬರಿಯಲ್ಲಿ ಆತುರ ಮಾಡಿದೆ. ಹಸ್ತಿ ಮಳೆ ಹೊತ್ತಿಗೇ ಬಿತ್ತಿದೆ, ಒಂದೇ ದೊಡ್ಡ ಮಳೆಗೆ ಬೀಜವೆಲ್ಲ ಒಂದು ಮೂಲೆಗೆ ಸೇರಿತು, ಮೊಳೆತ ನಾಲ್ಕಾರು ಸಸಿ ಆಮೇಲಿನ ಬಿಸಿಲಿಗೆ ಸೊರಗಿದವು. ಶೀಗಿ ಹುಣ್ಣಿಮೆ ಕಳೆದು ರಾತ್ರಿ ತಣ್ಣಗಾದ ಮೇಲೆ ಮತ್ತೆ ಹಾಕಿದೆ. ಈ ಸಲ ಬೀಜವನ್ನು ಹಳೇ ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿಯಿಡೀ ನೆನೆಸಿಟ್ಟು ಹಾಕಿದ್ದು. ಒಂಬತ್ತನೇ ದಿನ ಹಸಿರು ಕಂಡಿತು. ಮೆಂತ್ಯಕ್ಕೆ ಇದ್ಯಾವ ಸೇವೆಯೂ ಬೇಡ, ಅಡುಗೆಮನೆ ಡಬ್ಬಿಯ ಕಾಳನ್ನೇ ಸುಮ್ನೆ ಚೆಲ್ಲಿದೆ, ನಾಲ್ಕನೇ ದಿನಕ್ಕೆ ಮೊಳಕೆ, 28ನೇ ದಿನಕ್ಕೆ ಪಲ್ಯ.

ಟೊಮೆಟೊ ನನ್ನ ತಲೆ ತಿಂದಿತು. ಕಾಯಿ ಚೆನ್ನಾಗಿ ದಪ್ಪ ಆಗೋದು, ಇನ್ನೇನು ಬಣ್ಣ ತಿರುಗಬೇಕು ಅನ್ನುವಾಗ ಕೆಳಭಾಗ ಕಪ್ಪಗೆ ಒಳಗೆ ಕುಗ್ಗಿ, ಯಾರೋ ಸುಟ್ಟ ಹೆಬ್ಬೆರಳು ಒತ್ತಿದ ಹಾಗೆ. ರೋಗ ಅಂದುಕೊಂಡು ಎರಡು ಸಲ ಬೇವಿನೆಣ್ಣೆ ಹೊಡೆದೆ, ಏನೂ ಆಗಲಿಲ್ಲ. ಅದು ರೋಗವೂ ಅಲ್ಲ, ಹುಳವೂ ಅಲ್ಲ, ಕಾಯಿಗೆ ಕ್ಯಾಲ್ಸಿಯಂ ಮುಟ್ಟದೆ ಹಾಗಾಗುತ್ತದೆ. ನಮ್ಮ ಬೋರ್ ನೀರಲ್ಲಿ ಸುಣ್ಣಕ್ಕೇನು ಬರಗಾಲ? ಕುಂಡದ ಅಂಚಿಗೆಲ್ಲ ಬೆಳ್ಳಗೆ ಕಟ್ಟಿಕೊಂಡಿರುತ್ತದೆ! ಆದರೆ ಅದು ಕಾಯಿಗೆ ಹೋಗೋದು ನೀರಿನ ಜೊತೆಗೇ. ನಾನು ಮಾಡ್ತಿದ್ದದ್ದೇನು, ಬೆಳಿಗ್ಗೆ ಆಫೀಸಿನ ಗಡಿಬಿಡಿಯಲ್ಲಿ ಒಂದಿಷ್ಟು ನೀರು ಚಿಮುಕಿಸೋದು, ಮಧ್ಯಾಹ್ನ ಡಬ್ಬಿ ಒಣಗಿ ಗಿಡ ಬಾಡೋದು, ಸಂಜೆ ಬಂದು ಪಾಪ ಅಂತ ಕೊಡಗಟ್ಟಲೆ ಸುರಿಯೋದು. ಆಮೇಲೆ ಊರಿಂದ ಕಬ್ಬಿನ ರವದಿ (ಒಣಗಿದ ಗರಿ) ತಂದು ಬುಡಕ್ಕೆ ದಪ್ಪ ಹಾಸಿದೆ, ಎರಡು ಹೊತ್ತು ಒಂದೊಂದೇ ತಂಬಿಗೆ ನೀರು. ಆಮೇಲೆ ಕಟ್ಟಿದ ಕಾಯಿಗಳು ನುಣ್ಣಗೆ ಬಂದವು.

ಹೂಕೋಸಿನ ಸುದ್ದಿ ಬೇಡ. ನರ್ಸರಿಯಲ್ಲಿ ಬಹಳ ದಿನ ನಿಂತು ಬಲಿತಿದ್ದ ಅಗಿ ತಂದು ನೆಟ್ಟೆ, ಇಂಡಿ ಲಿಂಬಿಯಷ್ಟು ಹೂ ಬಿಟ್ಟು ನಿಂತಿತು.

ಬದನೆ ಮಾತ್ರ ಮಾನ ಉಳಿಸಿತು, ನಾಲ್ಕೇ ಗಿಡ. ಕುಡಿ ಬಾಡಿ ತಲೆ ಬಗ್ಗಿಸಿತು ಅಂದರೆ ನೀರು ಕಡಿಮೆ ಅಂದುಕೊಳ್ಳಬೇಡಿ. ಎರಡು ಬೆರಳು ಕೆಳಗೆ ಚಿವುಟಿ, ಕಡ್ಡಿ ಸೀಳಿ ನೋಡಿ, ಒಳಗೆ ನಸುಗೆಂಪು ಹುಳ ಆರಾಮಾಗಿ ತಿನ್ನುತ್ತಾ ಕೂತಿರುತ್ತದೆ. ನಾನು ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಇದೇ ಕೆಲಸ ಮಾಡಿದೆ, ಔಷಧಿ ಹೊಡೆಯಲಿಲ್ಲ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಚೆಲ್ಲಲು, ಹೊಲಕ್ಕೆ ಹೋದಾಗ ಸಜ್ಜಿ ರೊಟ್ಟಿ ಜೊತೆಗಿದ್ದ ಎಣಗಾಯಿ ಇವೇ ನಾಲ್ಕು ಗಿಡದ್ದು.

ಗಜ್ಜರಿ ಈ ಸಲವೂ ಹಾಕಿದ್ದೇನೆ, ಹೊಸ ಮಣ್ಣಲ್ಲಿ. ಇನ್ನೂ ಕಿತ್ತಿಲ್ಲ. ಅವ್ವ ನಾನಿಲ್ಲದಾಗ ಮಾಳಿಗೆ ಹತ್ತಿ, ಬುಡದ ಮಣ್ಣು ಕೆದರಿ ನೋಡಿ, ಮತ್ತೆ ಮುಚ್ಚಿ ಬರುತ್ತಾಳೆ. ಕೇಳಿದರೆ ಬಟ್ಟೆ ಒಣಹಾಕೋಕೆ ಹೋಗಿದ್ದೆ ಅನ್ನುತ್ತಾಳೆ.